ಪಾದ ಮುಳುಗುವಷ್ಟು ಸಮುದ್ರ

ಫೆಬ್ರವರಿ ೯, ಭಾನುವಾರ

ನೀರು ಕೊನೆಗೂ ಅಲುಗಾಡಿತು. ಮೂರು ವಾರದಿಂದ ಗಾಜಿನ ಹಾಗೆ ಬಿದ್ದುಕೊಂಡಿದ್ದ ನನ್ನ ಸಮುದ್ರ ಇವತ್ತು ಬೆಳಿಗ್ಗೆ ಆರೂ ಕಾಲಿಗೆ ಸಣ್ಣಗೆ ಉಸಿರಾಡಿತು. ತಪ್ಪು ಪ್ರೋಗ್ರಾಮಿನ ಒಂದೇ ಸಾಲಿನಲ್ಲಿತ್ತು. ಕೂಡಿಸಬೇಕಾದಲ್ಲಿ ಕಳೆದಿದ್ದೆ. ತಿದ್ದಿ ಬಟನ್ ಒತ್ತಿದಾಗ, ಯಾರೋ ಹೊದಿಕೆ ಕೊಡವಿದ ಹಾಗೆ, ತೆಳುವಾದ ಅಲೆಯೊಂದು ಪರದೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಹಿಂದೆಯೇ ಇನ್ನೊಂದು. ಚಹಾ ತಣ್ಣಗಾಗಿ ಕೆನೆ ಕಟ್ಟುವವರೆಗೆ ನೋಡುತ್ತಾ ಕುಳಿತಿದ್ದೆ.

ಮಧ್ಯಾಹ್ನ ಅಣ್ಣ ಬಂದ. ಎರಡು ಸೂಟ್‌ಕೇಸು, ಒಂದು ಹಾಸಿಗೆ, ಒಂದು ರೇಡಿಯೋ. ಇಪ್ಪತ್ತನಾಲ್ಕು ವರ್ಷ ಬಸ್ ಓಡಿಸಿದವನು. ಡಿಪೋದ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ಮೇಲೆ ಸ್ಟಿಯರಿಂಗೂ ಹೋಯಿತು, ಡಿಪೋದವರು ಕೊಟ್ಟಿದ್ದ ಕೋಣೆಯೂ ಹೋಯಿತು. ನನ್ನ ಮನೆ ಮೂರನೇ ಮಹಡಿಯಲ್ಲಿದೆ. ಒಂದು ಕೈ ಗೋಡೆಯ ಮೇಲಿಟ್ಟು ಎಣಿಸುತ್ತಾ ಹತ್ತಿ ಬಂದು ಬಾಗಿಲಲ್ಲಿ ನಿಂತ.

"ಐವತ್ತೆರಡು ಮೆಟ್ಲು," ಎಂದ. "ನನ್ನ ವಯಸ್ಸೂ ಅಷ್ಟೇ. ಮುಂದಿನ ವರ್ಷ ಇನ್ನೊಂದು ಮೆಟ್ಲು ಹಾಕಿಸ್ಬೇಕು ಪುಟ್ಟಿ."

ನನಗೆ ನಲವತ್ತೊಂದಾದರೂ ಅವನ ಬಾಯಲ್ಲಿ ಪುಟ್ಟಿಯೇ. ನಾನು ನಗಬೇಕಿತ್ತು, ನಗಲಿಲ್ಲ. ಕಿಟಕಿ ಇರುವ ಕೋಣೆಯನ್ನು ಅವನಿಗೆ ಕೊಟ್ಟು, ಕಂಪ್ಯೂಟರನ್ನು ಅಡುಗೆಮನೆ ಪಕ್ಕದ ಮೂಲೆಗೆ ಸರಿಸಿದೆ. ಸಮುದ್ರಕ್ಕೆ ಕಿಟಕಿ ಬೇಕಾಗಿಲ್ಲ.

ಫೆಬ್ರವರಿ ೧೨, ಬುಧವಾರ

ಅಂಗಡಿಯಲ್ಲಿ ಇವತ್ತು ಇಪ್ಪತ್ತಾರು ಜನರ ಕಣ್ಣು ನೋಡಿದೆ. ಕನ್ನಡಕದ ಅಂಗಡಿಗೆ ಸೇರಿ ಹದಿನೇಳು ವರ್ಷವಾಯಿತು. ನಂಬರ್ ಪರೀಕ್ಷೆ ಮಾಡುವುದು, ಮೂಗಿನ ಅಳತೆ ತೆಗೆಯುವುದು, ಲೆನ್ಸಿನ ಅಂಚು ಕತ್ತರಿಸಿ ಫ್ರೇಮಿಗೆ ಕೂರಿಸುವುದು. ಒಂದು ಗಾಜು ಹಾಕಿ, ಇನ್ನೊಂದು ಹಾಕಿ, "ಇದರಲ್ಲಿ ಚೆನ್ನಾಗಿ ಕಾಣತ್ತಾ, ಇದರಲ್ಲಾ?" ಎಂದು ಸಂಜೆಯವರೆಗೆ ಕೇಳುವುದು. ಮನೆಗೆ ಬರುವಷ್ಟರಲ್ಲಿ ನನ್ನ ಬಾಯಲ್ಲಿ ಬೇರೆ ಮಾತು ಉಳಿದಿರುವುದಿಲ್ಲ.

ಅದಕ್ಕೇ ಇರಬೇಕು ನನಗೆ ಈ ಗೇಮಿನ ಹುಚ್ಚು ಹತ್ತಿದ್ದು. ಮೂರು ವರ್ಷದ ಹಿಂದೆ ಹಳೆಯ ಕಂಪ್ಯೂಟರ್ ಒಂದು ಸಿಕ್ಕಿತು. ವಿಡಿಯೋ ನೋಡಿ ನೋಡಿ ಕಲಿತೆ. ಮೊದಲು ಒಂದು ಚೆಂಡು ಪುಟಿಯಿತು. ಆಮೇಲೆ ಬೇಯಿಸಿದ ಆಲೂಗಡ್ಡೆಯಂಥ ಒಬ್ಬ ಮನುಷ್ಯ ನಡೆದ, ಗೋಡೆಯೊಳಕ್ಕೇ ನಡೆದುಹೋದ, ವಾಪಸ್ ಬರಲಿಲ್ಲ. ಈಗಿನದು ನಾಲ್ಕನೆಯದು. ಕಣ್ಣು ಹಾಯುವವರೆಗೂ ಸಮುದ್ರ. ಆದರೆ ಪಾದ ಮುಳುಗುವಷ್ಟೇ ಆಳ. ಅದರ ಮೇಲೆ ಒಬ್ಬ ನಡೆಯುತ್ತಾನೆ. ದೂರದಲ್ಲಿ ಒಂದು ದೀಪ. ಹತ್ತಿರ ಹೋದರೆ ದೀಪ ಇನ್ನೂ ದೂರ ಹೋಗುತ್ತದೆ. ಶತ್ರುಗಳಿಲ್ಲ, ಅಂಕಗಳಿಲ್ಲ, ಗೆಲ್ಲುವುದು ಸೋಲುವುದು ಇಲ್ಲ. ನಡೆಯುವವನಿಗೆ ಮುಖವನ್ನೂ ಬರೆದಿಲ್ಲ. ಬೇರೆ ಯಾರೂ ಇಲ್ಲ. ಅದೇ ಅದರ ಸೊಗಸು.

ಬೆಳಿಗ್ಗೆ ಐದರಿಂದ ಏಳರವರೆಗೆ ಅಲ್ಲಿರುತ್ತೇನೆ. ಇದು ಯಾರಿಗೂ ಗೊತ್ತಿಲ್ಲ. ಭಾನುವಾರ ಏನು ಮಾಡುತ್ತೀರಿ ಎಂದು ಅಂಗಡಿಯಲ್ಲಿ ಕೇಳಿದರೆ ಬಟ್ಟೆ ಒಗೆಯುತ್ತೇನೆ ಅನ್ನುತ್ತೇನೆ.

ಫೆಬ್ರವರಿ ೨೦, ಗುರುವಾರ

ನೀರಿಗೆ ಸಂಜೆ ಹಾಕಿದೆ. ಕಿತ್ತಳೆಯಿಂದ ಬೂದಿಗೆ, ಬೂದಿಯಿಂದ ನೀಲಿಗೆ. ಒಂದು ಸಂಜೆಗೆ ನಲವತ್ತು ನಿಮಿಷ. ಅವಸರವಿಲ್ಲ.

ಅಣ್ಣ ಊಟ ಮಾಡಿದನೋ ಇಲ್ಲವೋ ಕೇಳಲಿಲ್ಲ. ತಟ್ಟೆ ತೊಳೆದಿಟ್ಟಿತ್ತು, ಮಾಡಿರಬೇಕು.

ಮಾರ್ಚ್ ೨, ಭಾನುವಾರ

ನಿನ್ನೆ ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ಏರಿ, ಅಂಚಿನಿಂದ ನಡುವಿಗೆ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ. ಅಕ್ಟೋಬರಿನಲ್ಲಿ ಆಪರೇಷನ್ ಆಗಿದ್ದರೂ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನ ನಡುವೆ ಒಂದಿಷ್ಟು ಉಳಿದಿದೆ.

"ಎಷ್ಟು ಉಳಿದಿದೆ?" ಎಂದು ಡಾಕ್ಟರಮ್ಮನನ್ನು ಕೇಳಿದೆ.

ಅವರು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸಣ್ಣ ಸುತ್ತು ಮಾಡಿ ತೋರಿಸಿದರು. "ಇಷ್ಟು. ಉಳಿಸ್ಕೊಳ್ಳಕ್ಕೆ ಪ್ರಯತ್ನ ಮಾಡೋಣ. ಉಳಿಯತ್ತೆ ಅಂತ ಮಾತ್ರ ಹೇಳಲಾರೆ."

"ಬೀಗದ ಕಿಂಡೀಲಿ ಇಣುಕಿದ ಹಾಗಿರತ್ತೆ ಡಾಕ್ಟ್ರೇ," ಎಂದ ಅಣ್ಣ. "ಈ ವಯಸ್ಸಲ್ಲಿ ಕಂಡೋರ ಮನೆ ಇಣುಕೋ ಹಾಗಾಯ್ತು."

ಅವರು ನಕ್ಕರು. ವಾಪಸ್ ಬರುವಾಗ ಅವನು ಮೆಟ್ಟಿಲು ಎಣಿಸಲಿಲ್ಲ. ಮನೆಗೆ ಬಂದವನೇ ತೆರೆದಿದ್ದ ಬೀರು ಬಾಗಿಲಿಗೆ ಹಣೆ ಹೊಡೆದುಕೊಂಡ. ಬಾಗಿಲು ತೆರೆದಿಟ್ಟವಳು ನಾನು. ಕೋಣೆಗೆ ಹೋಗಿ ರೇಡಿಯೋ ಹಾಕಿಕೊಂಡ. ಬಂದಾಗಿನಿಂದ ಆಸ್ಪತ್ರೆಗೆ ಬಿಟ್ಟು ಇನ್ನೆಲ್ಲಿಗೂ ಇಳಿದಿಲ್ಲ.

ದಿನಕ್ಕೆ ಮೂರು ಸಲ ಅವನ ಕಣ್ಣಿಗೆ ಹನಿ ಹಾಕುತ್ತೇನೆ. ಹಾಕುವಾಗ ಅವನ ಕಿವಿ ನೋಡುತ್ತೇನೆ.

ಮಾರ್ಚ್ ೯, ಭಾನುವಾರ

ಸಿಕ್ಕಿಬಿದ್ದೆ. ಬೆಳಿಗ್ಗೆ ಆರಕ್ಕೆ ನೀರು ಕುಡಿಯಲು ಎದ್ದು ಬಂದವನು ನನ್ನ ಬೆನ್ನ ಹಿಂದೆ ನಿಂತುಬಿಟ್ಟಿದ್ದ. ನನಗೆ ಅರಿವೇ ಇರಲಿಲ್ಲ.

"ಅದೇನು ಪುಟ್ಟಿ, ನೀಲಿ ನೀಲಿ?"

"ಏನಿಲ್ಲ ಅಣ್ಣ, ಅಂಗಡಿ ಕೆಲಸ."

"ಕನ್ನಡಕದ ಅಂಗಡೀಲಿ ಸಮುದ್ರ ಮಾರ್ತಾರಾ?"

ಹೇಳಬೇಕಾಯಿತು. ಹದಿನಾರರ ಹುಡುಗಿಯ ಪುಸ್ತಕದಲ್ಲಿ ಕಾಗದ ಸಿಕ್ಕಿದಂತೆ ಮುಖ ಬಿಸಿಯಾಯಿತು. ಅವನು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಮುಖವನ್ನು ಪರದೆಯ ಮೇಲೆ ಸಣ್ಣಗೆ ಆಡಿಸಿದ, ಕತ್ತಲ ಕೋಣೆಯಲ್ಲಿ ಟಾರ್ಚ್ ಬಿಟ್ಟು ಹುಡುಕುವವರ ಹಾಗೆ. ಅವನಿಗೆ ಒಂದು ಸಲಕ್ಕೆ ಒಂದು ಚೂರು ಅಲೆ ಕಾಣುತ್ತಿತ್ತು. ನಡೆಯುವವನು ಸಿಕ್ಕರೆ ದೀಪ ತಪ್ಪುತ್ತಿತ್ತು, ದೀಪ ಸಿಕ್ಕರೆ ಅವನು ತಪ್ಪುತ್ತಿದ್ದ.

"ದೊಡ್ಡದಾಯ್ತು," ಎಂದು ಎದ್ದು ನಿಂತ.

ಆಗ ನನಗೆ ಹೊಳೆಯಿತು. ಇಡೀ ಆಟವನ್ನು ಕುಗ್ಗಿಸಿದೆ. ಮೊದಲು ಪೋಸ್ಟ್‌ಕಾರ್ಡಿನಷ್ಟು, ಆಮೇಲೆ ಬೆಂಕಿಪೊಟ್ಟಣದಷ್ಟು. ದೊಡ್ಡ ಕಪ್ಪು ಪರದೆಯ ನಡುವೆ ಬೆಂಕಿಪೊಟ್ಟಣದಷ್ಟು ಸಮುದ್ರ. "ಈಗ ನೋಡು," ಎಂದೆ.

ಅವನು ಮತ್ತೆ ಕುಳಿತ. ಈ ಸಲ ಮುಖ ಆಡಿಸಬೇಕಾಗಲಿಲ್ಲ.

"ಪೂರ್ತಿ ಕಾಣ್ತಿದೆ," ಎಂದ. "ಪುಟ್ಟಿ, ಪೂರ್ತಿ ಕಾಣ್ತಿದೆ. ಈ ಕಡೆ ತುದಿ, ಆ ಕಡೆ ತುದಿ. ಒಂದೇ ಸಲಕ್ಕೆ."

ಬಾಣದ ಬಟನ್ ಮೇಲೆ ಅವನ ಬೆರಳಿಟ್ಟೆ. ಹನ್ನೊಂದರವರೆಗೆ ನಡೆದ. ಒಲೆಯ ಮೇಲಿಟ್ಟಿದ್ದ ಮೊಟ್ಟೆಗಳು ನೀರು ಇಂಗಿ ಒಡೆದುಹೋದವು.

ಮಾರ್ಚ್ ೧೫, ಶನಿವಾರ

"ಚೆನ್ನಾಗಿದೆ. ಆದರೆ ಎಷ್ಟು ಅಂತ ನಡೀಲಿ? ಇಲ್ಲಿಗೆ ಬಸ್ ಬರಲ್ವಾ?"

"ಸಮುದ್ರದಲ್ಲಿ ಯಾವ ಬಸ್ ಅಣ್ಣ?"

"ಪಾದ ಮುಳುಗೋಷ್ಟೇ ನೀರು ಅಂದ್ಯಲ್ಲ. ಇದಕ್ಕಿಂತ ಜಾಸ್ತಿ ನೀರಲ್ಲಿ ಓಡ್ಸಿದೀನಿ. ಸೈಲೆನ್ಸರಿಗೆ ನೀರು ಹೋಗದಿದ್ರೆ ಸಾಕು."

ಆ ಮಾತಾದ ಮೇಲೆ ವಾರವಿಡೀ ಬಸ್ ಬರೆದೆ. ಅಣ್ಣನ ತಪಾಸಣೆ ಡಿಪೋದವರಿಗಿಂತ ಜೋರು. ಮೂತಿ ಉದ್ದವಾಯಿತು ಅಂದ, ಚಕ್ರ ಚಿಕ್ಕದಾಯಿತು ಅಂದ. "ತಿರುಗ್ವಾಗ ಹಿಂಭಾಗ ಇಷ್ಟು ಅಗಲ ಹೋಗ್ಬೇಕು, ನಿನ್ನ ಬಸ್ ಚೇಳಿನ ಹಾಗೆ ತಿರುಗತ್ತೆ." ಇವತ್ತು ಬೆಳಿಗ್ಗೆ ಬಸ್ ನೀರಿಗಿಳಿಯಿತು. ಬೆಂಕಿಪೊಟ್ಟಣದೊಳಗೆ ಅಕ್ಕಿಕಾಳಿನಷ್ಟು ಹಳದಿ ಬಸ್. ಹಿಂದೆ ಎರಡು ಗೆರೆ ನೀರು ಬಿಚ್ಚಿಕೊಂಡು ನಿಧಾನ ಮುಚ್ಚಿಕೊಳ್ಳುತ್ತದೆ. ನಾನು ಬರೆದಿದ್ದೇ ಆದರೂ ನೋಡುತ್ತಾ ಮೈ ಹಗುರಾಯಿತು.

ಅಂಗಡಿಗೆ ಹೋಗುವಾಗ ರಸ್ತೆಯ ತುಂಬ ಕಾಲುಮಟ್ಟದ ನೀರಿದೆ ಅನ್ನಿಸುತ್ತಿತ್ತು. ಜನರೆಲ್ಲ ಪಾದ ಎತ್ತೆತ್ತಿ ಇಡುತ್ತಿದ್ದರು.

ಮಾರ್ಚ್ ೨೩, ಭಾನುವಾರ

ಬಸ್ ಬಂದ ಮೇಲೆ ಸ್ಟಾಪ್ ಬೇಕಾಯಿತು. ಸ್ಟಾಪ್ ಬಂದ ಮೇಲೆ ಜನ. ಬೇಡ ಅಂದೆ. ಅಣ್ಣ ಕೇಳಬೇಕಲ್ಲ.

"ಖಾಲಿ ಬಸ್ ಓಡ್ಸೋದು ಅಂದ್ರೆ ಡಿಪೋಗೆ ವಾಪಸ್ ಹೋಗೋದು ಅಂತ ಅರ್ಥ. ನಾನು ವಾಪಸ್ ಹೋಗಲ್ಲ."

ಒಬ್ಬೊಬ್ಬರನ್ನೇ ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ಬಸ್ ಹತ್ತಿದ ಕೂಡಲೇ ನಿದ್ದೆ ಹೋಗಿ ತನ್ನ ಸ್ಟಾಪಿಗೆ ಸರಿಯಾಗಿ ಏಳುವ ನರ್ಸಮ್ಮ. ಸೀಟು ಖಾಲಿ ಇದ್ದರೂ ನಿಂತೇ ಇರುವ ಪೊಲೀಸಿನವರು. ದಿನಾ ಜಗಳವಾಡುತ್ತಾ ಒಂದೇ ಸೀಟಿನಲ್ಲಿ ಕೂರುವ ಗಂಡ ಹೆಂಡತಿ. ಹನ್ನೆರಡು ವರ್ಷ ಮುಂದಿನ ಸೀಟಿನಲ್ಲಿ ಕೂತು ಅಣ್ಣನ ಜೊತೆ ಹರಟಿ, ಒಂದು ದಿನ ಬರುವುದನ್ನು ನಿಲ್ಲಿಸಿದ ಮುದುಕಪ್ಪ.

"ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಹಾಕ್ಲಾ?" ಎಂದು ಕೇಳಿದೆ.

"ಹಾಕು. ಅದರ ಕೆಳಗೇ ಆ ಮುದುಕಪ್ಪನ್ನ ಕೂರಿಸು."

ಒಂಬತ್ತು ಜನರಾದರು. ನರ್ಸಮ್ಮನಿಗೆ ಮುಖ ಬರೆದೆ. ಆಮೇಲೆ ಉಳಿದವರಿಗೆ ಬೇಜಾರಾಗಬಾರದೆಂದು ಎಲ್ಲರಿಗೂ ಬರೆದೆ.

ಏಪ್ರಿಲ್ ೩, ಗುರುವಾರ

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಎರಡು ವರ್ಷದ ಹಿಂದೆ, ಒಂದು ಶನಿವಾರ ಸಂಜೆ, ಅಣ್ಣ ಯೂನಿಫಾರ್ಮಿನಲ್ಲೇ ಅಂಗಡಿಗೆ ಬಂದಿದ್ದ. ಅಂಗಡಿ ಕಿಕ್ಕಿರಿದಿತ್ತು. "ಪುಟ್ಟಿ, ಎಡಗಡೆ ಯಾರೋ ಕದ್ದು ಕದ್ದು ಬಂದ ಹಾಗೆ ಆಗ್ತಿದೆ. ಹತ್ತಿರ ಬರೋವರೆಗೂ ಕಾಣಲ್ಲ, ಆಮೇಲೆ ಧುತ್ ಅಂತ ಎದುರಿಗೆ," ಎಂದ. ಅಕ್ಷರಗಳ ಬೋರ್ಡು ಓದಿಸಿದೆ. ಕೊನೆಯ ಸಾಲಿನವರೆಗೂ ಓದಿದ. ನೇರ ನೋಟಕ್ಕೆ ಏನೂ ಆಗಿರಲಿಲ್ಲ, ಆ ಕಾಯಿಲೆಯ ಮೋಸವೇ ಅದು. "ಕಣ್ಣು ಸರಿಯಾಗಿದೆ ಅಣ್ಣ. ಫ್ರೇಮಿನ ಕಡ್ಡಿ ಅಗಲ, ಅದೇ ಅಡ್ಡ ಬರ್ತಿದೆ," ಎಂದು ಕಡ್ಡಿ ಸಣ್ಣಗಿರುವ ಬೇರೆ ಫ್ರೇಮ್ ಹಾಕಿ ಕಳಿಸಿದೆ. ಅವನು ಥ್ಯಾಂಕ್ಸ್ ಹೇಳಿ ಹೋದ.

ಪಕ್ಕ ಕಾಣದು ಎಂದು ಯಾರಾದರೂ ಅಂದರೆ ಮೊದಲು ಡಾಕ್ಟರ ಹತ್ತಿರ ಕಳಿಸಬೇಕು. ನನಗೆ ಕಲಿಸಿದ ಮೊದಲ ವಾರದ ಪಾಠ ಅದು. ಮರೆತಿರಲಿಲ್ಲ. ಹನ್ನೊಂದು ಜನ ಕಾಯುತ್ತಿದ್ದರು, ಅಣ್ಣ ತಾನೇ ಅಂದುಕೊಂಡೆ.

ಆಗ ಹೋಗಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಡಾಕ್ಟರಮ್ಮನನ್ನು ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಏಪ್ರಿಲ್ ೧೩, ಭಾನುವಾರ

ಬೆಂಕಿಪೊಟ್ಟಣ ಈಗ ಅಂಚೆಚೀಟಿಯಾಗಿದೆ. ಬಸ್ಸಿನ ಬಣ್ಣ ಯಾಕೆ ಬದಲಾಯಿಸಿದೆ ಎಂದು ಅಣ್ಣ ಕೇಳಿದ. ಬದಲಾಯಿಸಿರಲಿಲ್ಲ. ಹಳದಿಯೇ ಎಂದು ಹೇಳಲು ಬಾಯಿ ಬರಲಿಲ್ಲ.

"ಸದ್ದು ಹಾಕೋಣ ಅಣ್ಣ," ಎಂದೆ.

ನೀರಿನ ಸದ್ದಿಗೆ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ನನ್ನ ಹೆಜ್ಜೆ ಸಾಲದು, ಕೋಳಿ ನಡೆದ ಹಾಗಿದೆ ಎಂದು ಅವನೇ ಪ್ಯಾಂಟು ಮಡಚಿ ಇಳಿದ. ಎಂಬತ್ತೈದು ಕಿಲೋ. ಒಂದು, ಎರಡು, ಧಪ್, ಧಪ್. ನೆಲವೆಲ್ಲ ನೀರು. ಅರ್ಧ ಗಂಟೆಯಲ್ಲಿ ಕೆಳಮನೆಯವರು ಹತ್ತಿ ಬಂದರು.

"ನಮ್ಮ ಸೂರು ತೊಟ್ಟಿಕ್ತಿದೆ. ಮೇಲೆ ಏನಾಗ್ತಿದೆ?"

ಮೊಣಕಾಲವರೆಗೆ ಒದ್ದೆಯಾಗಿ ಟಬ್ಬಿನೊಳಗೆ ನಿಂತಿದ್ದ ಅಣ್ಣ ಗಂಭೀರವಾಗಿ ಹೇಳಿದ, "ಕ್ಷಮಿಸಿ, ಸಮುದ್ರ ಸ್ವಲ್ಪ ಸೋರ್ತಿದೆ."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಇಬ್ಬರೂ ನಕ್ಕೆವು. ನಕ್ಕು ನಕ್ಕು ಪಕ್ಕೆ ಹಿಡಿಯಿತು. ಒರೆಸುವ ಬಟ್ಟೆ ಹಿಡಿದು ಇಬ್ಬರೂ ನೆಲದ ಮೇಲೆ ಕುಳಿತಿದ್ದಾಗ ಅವನ ಮುಖ ನೋಡಿದೆ. ಎಷ್ಟು ದಿನದ ಮೇಲೆ ನೋಡಿದೆನೋ.

ಮೇ ೪, ಭಾನುವಾರ

ಇಂದು ಹೇಳಿದೆ.

ಯೋಚಿಸಿ ಹೇಳಿದ್ದಲ್ಲ. ಅವನು ಬಸ್ ಓಡಿಸುತ್ತಿದ್ದ. ಈಗ ಹೆಚ್ಚುಕಡಿಮೆ ಕಿವಿಯಲ್ಲೇ ಓಡಿಸುತ್ತಾನೆ. ನೀರಿನ ಸದ್ದು ಎಡಗಿವಿಯಲ್ಲಿ ಜೋರಾದರೆ ಬಲಕ್ಕೆ ತಿರುಗಿಸಬೇಕು. ಸ್ಟಾಪ್ ಹತ್ತಿರ ಬಂದರೆ ನರ್ಸಮ್ಮನ ಆಕಳಿಕೆ.

"ಪುಟ್ಟಿ, ಬಸ್ಸಿಗೆ ಪಕ್ಕದ ಕನ್ನಡಿ ಹಾಕೇ ಇಲ್ವಲ್ಲ ನೀನು," ಎಂದ.

"ನಿನಗೆ ಕಾಣಲ್ವಲ್ಲ ಅಣ್ಣ."

"ನನಗೆ ಕಾಣದಿದ್ರೇನು. ಬಸ್ಸಿಗೆ ಪಕ್ಕ ಕಾಣ್ಬೇಕು."

ಹೇಳಿಬಿಟ್ಟೆ. ಶನಿವಾರದ ಸಂಜೆ, ಕಾಯುತ್ತಿದ್ದ ಹನ್ನೊಂದು ಜನ, ಫ್ರೇಮಿನ ಕಡ್ಡಿ, ಮೊದಲ ವಾರದ ಪಾಠ, ಎಲ್ಲ. ಅವನು ಬಟನ್ ಮೇಲಿನ ಬೆರಳು ತೆಗೆಯಲಿಲ್ಲ, ಒತ್ತಲೂ ಇಲ್ಲ. ಬಸ್ ನೀರಿನಲ್ಲಿ ನಿಂತಿತ್ತು, ಇಂಜಿನ್ ಗುರುಗುಟ್ಟುತ್ತಿತ್ತು.

"ಗೊತ್ತು," ಎಂದ.

"ಯಾವಾಗಿಂದ?"

"ಆಪರೇಷನ್ ದಿನದಿಂದ. ಪಕ್ಕ ಕಾಣಲ್ಲ ಅಂತ ಮೊದಲು ಯಾರ ಹತ್ತಿರಾನಾದ್ರೂ ಹೇಳಿದ್ರಾ ಅಂತ ಡಾಕ್ಟರಮ್ಮ ಕೇಳಿದ್ರು. ಆಗ ಲೆಕ್ಕ ಸಿಕ್ತು. ಇಲ್ಲ, ಯಾರಿಗೂ ಹೇಳಿರಲಿಲ್ಲ ಅಂದೆ."

"ಯಾಕೆ ಹಾಗಂದೆ?"

"ನೀನು ಹೊರಗೆ ಬೆಂಚಲ್ಲಿ ಕೂತಿದ್ದೆ. ಬಾಗಿಲು ತೆಗೆದಿತ್ತು." ಆಮೇಲೆ, "ಕೋಪ ಇಲ್ಲ ಅಂತ ತಿಳ್ಕೋಬೇಡ. ಬೆಳಿಗ್ಗೆ ಎದ್ದು ಕಣ್ಣು ಬಿಟ್ಟಾಗೆಲ್ಲ ಬರತ್ತೆ. ನೀನು ಚಹಾ ತಂದಿಡೋ ಹೊತ್ತಿಗೆ ಒಂಚೂರು ಇಳಿದಿರತ್ತೆ. ನೀನೇ ಹೇಳ್ತೀಯಾ ಅಂತ ಕಾಯ್ತಾ ಇದ್ದೆ."

ಅವನೇ ಮುಂದುವರಿಸಿದ.

"ನಂದೂ ಒಂದಿದೆ. ನೀನು ಫ್ರೇಮ್ ಬದಲಾಯಿಸಿದ್ಯಲ್ಲ, ಅದರಿಂದ ಏನೂ ಆಗಲಿಲ್ಲ ಅಂತ ನನಗೆ ಎರಡೇ ದಿನದಲ್ಲಿ ಗೊತ್ತಾಯ್ತು. ಮತ್ತೆ ನಿನ್ನ ಹತ್ತಿರ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಬಸ್ ಹೋಗತ್ತೆ. ಕಳೆದ ವರ್ಷ ಒಂದು ಸಂಜೆ ಸೈಕಲ್ ಮೇಲೆ ಒಬ್ಳು ಹೆಂಗಸು. ಕಾಣಲೇ ಇಲ್ಲ. ತಗುಲಿದ್ದು ಗೊತ್ತಾಗಿದ್ದೂ ಸದ್ದಿನಿಂದ. ಇಳಿದು ಓಡಿದೆ. ಮೊಣಕೈ ತರಚಿತ್ತು, ಅಷ್ಟೇ. ಅವಳು ಎದ್ದು ನಿಂತು ಏನಂದ್ಲು ಗೊತ್ತಾ? ತಪ್ಪು ನಂದು, ನಾನೇ ಒಳಗೆ ಬಂದ್ಬಿಟ್ಟೆ ಅಂದ್ಲು. ಕೈ ಮುಗಿದ್ಲು. ನಾನು ಸುಮ್ನಿದ್ದೆ. ಸುಮ್ನೆ ಬಸ್ ಹತ್ತಿ ಮತ್ತೆ ನಾಲ್ಕು ತಿಂಗಳು ಓಡ್ಸಿದೆ. ಅರವತ್ತು ಅರವತ್ತು ಜನ ಕೂರಿಸ್ಕೊಂಡು."

ಇಂಜಿನ್ ಗುರುಗುಟ್ಟುತ್ತಲೇ ಇತ್ತು. ನಾನು ಕೈ ಚಾಚಿ ಆರಿಸಿದೆ.

ಮೇ ೫, ಸೋಮವಾರ

ಅಣ್ಣ ಬಾಗಿಲು ಹಾಕಿಕೊಂಡಿದ್ದಾನೆ. ಚಹಾ ಹೊರಗಿಟ್ಟೆ. ಲೋಟ ಖಾಲಿಯಾಗಿ ಹೊರಗೆ ಬಂತು.

ಮೇ ೮, ಗುರುವಾರ

ಮೂರು ದಿನದ ಮೇಲೆ ಈ ಸಂಜೆ ಹೊರಗೆ ಬಂದ. ಗಡ್ಡ ಬೆಳೆದಿತ್ತು. ನೇರ ಮೂಲೆಗೆ ಬಂದು ಕುರ್ಚಿಯ ಬೆನ್ನು ತಡವಿ ಕುಳಿತ.

"ಆ ಸೈಕಲ್ ಹೆಂಗಸನ್ನ ಹಾಕ್ತೀಯಾ?"

"ಎಲ್ಲಿ ಹಾಕ್ಲಿ?"

"ಎಲ್ಲಾದ್ರೂ. ಎಲ್ಲಿ ಅಂತ ನನಗೆ ಹೇಳ್ಬೇಡ. ಬೆಲ್ ಮಾತ್ರ ಕೇಳಿಸ್ಬೇಕು. ಕೇಳಿದ ತಕ್ಷಣ ನಾನು ನಿಲ್ಲಿಸ್ಬೇಕು. ನಿಲ್ಲಿಸದಿದ್ರೆ ಬಸ್ಸು ಅಲ್ಲೇ ಬಂದ್. ಮತ್ತೆ ಮೊದಲಿಂದ."

ನನ್ನ ಸಮುದ್ರದಲ್ಲಿ ಇವತ್ತಿನವರೆಗೆ ಸೋಲು ಇರಲಿಲ್ಲ. ಹಾಕಿಕೊಟ್ಟೆ. ಅವನು ಏಳು ಸಲ ಸೋತ. ಎಂಟನೇ ಸಲ, ಎಡಗಡೆಯಿಂದ ಸಣ್ಣಗೆ ಟ್ರಿಣ್ ಎಂದಾಗ, ಬಸ್ ಗಕ್ಕನೆ ನಿಂತಿತು. ನೀರಿನಲ್ಲಿ ಸೈಕಲ್ಲಿನ ಸದ್ದು ಎಡದಿಂದ ಬಲಕ್ಕೆ ಹಾಯ್ದು ಹೋಗುವುದನ್ನು ಇಬ್ಬರೂ ಕೇಳಿದೆವು. ಪೂರ್ತಿ ಹೋಗುವವರೆಗೂ ಅವನು ಬಸ್ ತೆಗೆಯಲಿಲ್ಲ.

ಮೇ ೧೯, ಸೋಮವಾರ

ಹೊಲಿಗೆಯವರೊಬ್ಬರು ಅಂಗಡಿಗೆ ಬಂದಿದ್ದರು. ಸೂಜಿಗೆ ದಾರ ಪೋಣಿಸಲು ತೊಂದರೆಯಿಲ್ಲ, ಆದರೆ ಮೇಜಿನ ಅಂಚಲ್ಲಿಟ್ಟ ಕತ್ತರಿ ಕೈ ತಗುಲಿ ದಿನಾ ಬೀಳುತ್ತದೆ ಎಂದರು. ಬೇರೆ ಫ್ರೇಮ್ ಆರಿಸಿಟ್ಟಿದ್ದರು. ಅದನ್ನು ವಾಪಸ್ ಕಪಾಟಿಗಿಟ್ಟೆ. ವಿಳಾಸ ಬರೆದುಕೊಟ್ಟರೆ ಹೋಗುವ ಹಾಗೆ ಕಾಣಲಿಲ್ಲ, ನಾನೇ ಜೊತೆಗೆ ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿ ಬಂದೆ. ಒತ್ತಡ ಜಾಸ್ತಿ ಇದೆಯಂತೆ. ಈಗಲೇ ಬಂದಿದ್ದು ಒಳ್ಳೆಯದಾಯಿತಂತೆ.

ವಾಪಸ್ ಬಂದಾಗ ಅಂಗಡಿಯ ಯಜಮಾನರು, "ಕನ್ನಡಕ ಮಾರೋದು ನಮ್ಮ ಕೆಲಸ ಅಲ್ವೇನಮ್ಮಾ," ಎಂದರು. ಹೌದು ಸಾರ್ ಎಂದೆ.

ಈಚೆಗೆ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತಿಲ್ಲ. ಸೆಕೆಗೆ ಇರಬೇಕು.

ಜೂನ್ ೭, ಶನಿವಾರ

ಡಾಕ್ಟರಮ್ಮ ಕಳಿಸಿದ ಮೇಷ್ಟ್ರು ಬಂದಿದ್ದರು. ಅವರಿಗೂ ಕಣ್ಣಿಲ್ಲ. ಬಿಳಿ ಕೋಲು ಹಿಡಿದು ನಡೆಯುವುದು ಕಲಿಸುತ್ತಾರೆ. ಅಣ್ಣ ಬಾಗಿಲಲ್ಲೇ ಕೋಲಿನ ಮೇಷ್ಟ್ರು ಎಂದು ಹೆಸರಿಟ್ಟ. ಅವರಿಗೆ ಇಷ್ಟವಾಯಿತು.

"ಐವತ್ತೆರಡು ಮೆಟ್ಟಿಲು," ಎಂದರು ಕುಳಿತುಕೊಳ್ಳುತ್ತಾ. "ಎರಡನೇ ಮಹಡಿಯ ನಾಲ್ಕನೇದು ಒಡೆದಿದೆ, ಹೇಳಿ ಸರಿಮಾಡಿಸಿ." ಒಡೆದಿದ್ದು ನನಗೇ ಗೊತ್ತಿರಲಿಲ್ಲ.

ಕಣ್ಣು ಹೋದವರಿಗೆಂದೇ ಊರ ಆಚೆ ಒಂದು ಮನೆ ಇದೆಯಂತೆ. ಆರು ತಿಂಗಳು ಅಲ್ಲೇ ಇದ್ದು ಕಲಿಯಬೇಕು. ನಡೆಯುವುದು, ಅಡುಗೆ, ಬೆರಳಲ್ಲಿ ಓದುವ ಚುಕ್ಕಿ ಅಕ್ಷರ, ಫೋನ್ ಬಳಸುವುದು. ಈ ತಿಂಗಳ ಕೊನೆಗೆ ಒಂದು ಜಾಗ ಖಾಲಿಯಾಗುತ್ತದೆ. ಅಣ್ಣ ಕೂಡಲೇ ಬರುತ್ತೇನೆ ಅಂದ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅವರು ಹೋದ ಮೇಲೆ ಹೇಳಿದೆ, "ಇಲ್ಲೇ ಇರಬಹುದಲ್ಲ ಅಣ್ಣ. ಗೇಮ್ ಇನ್ನೂ ಮುಗಿದಿಲ್ಲ. ನಿನಗೆ ಏನು ಬೇಕೋ ನಾನು ಮಾಡಿಕೊಡ್ತೀನಿ."

"ನಿನ್ನ ಸಮುದ್ರದಲ್ಲಿ ನಾನು ಚೆನ್ನಾಗಿ ಓಡಿಸ್ತೀನಿ ಪುಟ್ಟಿ. ಆದ್ರೆ ಕೆಳಗಿಳಿದು ಒಂದು ಪ್ಯಾಕೆಟ್ ಹಾಲು ತರಕ್ಕಾಗಲ್ಲ. ಅಲ್ಲಿ ಬಿದ್ರೆ ಮೊಣಕಾಲು ತರಚಲ್ಲ. ಎಷ್ಟು ದಿನ ಅಲ್ಲೇ ಇರ್ಲಿ?"

ಅವನು ತನ್ನ ಬಗ್ಗೆಯೇ ಹೇಳುತ್ತಿದ್ದ. ಆದರೂ ನನಗೆ ತುಂಬ ಹೊತ್ತು ಯಾಕೋ ಮುಖ ಎತ್ತಲಾಗಲಿಲ್ಲ.

ಜೂನ್ ೨೯, ಭಾನುವಾರ

ಬಿಟ್ಟು ಬಂದೆ. ಸಾಲು ಮರಗಳ ನಡುವೆ ಉದ್ದನೆಯ ತಗ್ಗು ಕಟ್ಟಡ, ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಹಗ್ಗ. ಅಣ್ಣ ಹಗ್ಗ ಹಿಡಿದು ಹೋದ, ತಿರುಗಿ ನೋಡುವ ಹಾಗೆ ಮುಖ ತಿರುಗಿಸಿ, "ಹನಿ ಹಾಕೋ ಟೈಮು ಬರೆದುಕೊಟ್ಟಿದೀಯಾ?" ಎಂದ. ಕೊಟ್ಟಿದ್ದೇನೆ ಎಂದೆ.

ಮನೆಗೆ ಬಂದು ಗೇಮ್ ತೆರೆದೆ. ಎರಡು ಸ್ಟಾಪ್ ಓಡಿಸಿದೆ. ಜನ ಹತ್ತಿದರು. ನನಗೆ ಅಷ್ಟು ಚೆನ್ನಾಗಿ ಓಡಿಸಲು ಬರುವುದಿಲ್ಲ. ಎಲ್ಲರನ್ನೂ ಇಳಿಸಿ ಆರಿಸಿದೆ.

ಅವನ ಕೋಣೆಯ ಕಿಟಕಿ ತೆರೆದೆ. ಎದುರಿನ ಕಟ್ಟಡದ ಮೇಲೆ ಯಾರೋ ಹಾಸಿಗೆ ಬಿಸಿಲಿಗೆ ಹಾಕಿದ್ದರು. ಕಂಪ್ಯೂಟರ್ ಮತ್ತೆ ಇಲ್ಲಿಗೇ ತಂದಿಡಬಹುದು. ತರಲಿಲ್ಲ. ಹಾಸಿಗೆ ತೆಗೆದುಕೊಂಡು ಹೋಗುವವರೆಗೆ ನೋಡುತ್ತಾ ನಿಂತಿದ್ದೆ.

ಜುಲೈ ೨೭, ಭಾನುವಾರ

ಇವತ್ತು ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಆ ಮನೆಗೆ ಹೋದೆ. ಅಣ್ಣ ಎಲ್ಲರಿಗೂ ಡಂಗುರ ಹೊಡೆದಿದ್ದನಂತೆ. ತರಲೇಬೇಕು ಎಂದು ಮೂರು ಸಲ ಫೋನ್ ಮಾಡಿದ್ದ.

ಗೇಟಿಗೇ ಬಂದು ನಿಂತಿದ್ದ, ಕೋಲು ಹಿಡಿದು, ಒಬ್ಬನೇ. ಮೊಣಕಾಲಿಗೆ ಪಟ್ಟಿ. "ಚರಂಡಿ," ಎಂದ, ಬಹುಮಾನ ತೋರಿಸುವವರ ಹಾಗೆ. ಬಲಗಣ್ಣಿನಲ್ಲಿ ಈಗ ಬೆಳಕು ಮಾತ್ರ ಗೊತ್ತಾಗುತ್ತದೆ. ಅದನ್ನು ನಡೆಯುತ್ತಾ ನಡೆಯುತ್ತಾ ಹೇಳಿದ, ಹವಾಮಾನ ಹೇಳುವ ಹಾಗೆ. ನಾನು ಅವನ ಮೊಣಕೈ ಹಿಡಿದಿದ್ದೆ. ಯಾರು ಯಾರನ್ನು ಕರೆದೊಯ್ಯುತ್ತಿದ್ದರೋ.

ಊಟದ ಕೋಣೆಯಲ್ಲಿ ಹನ್ನೆರಡು ಜನ ಸುತ್ತ ಕುಳಿತರು. ಪರದೆ ಹಚ್ಚಲೇ ಇಲ್ಲ. ಸ್ಪೀಕರ್ ಮಾತ್ರ. ಮೊದಲು ಓಡಿಸಿದ್ದು ಒಬ್ಬ ಬ್ಯಾಂಕಿನಾಕೆ, ಕಣ್ಣು ಹೋಗಿ ಎರಡೇ ತಿಂಗಳಾಗಿದೆಯಂತೆ, ಬಂದಾಗಿನಿಂದ ಯಾರ ಜೊತೆಯೂ ಮಾತಾಡಿಲ್ಲವಂತೆ. ಅಣ್ಣ ಪಕ್ಕದಲ್ಲಿ ನಿಂತು ಕಂಡಕ್ಟರ್ ಆದ. ಆಕೆ ಬೆಲ್ ಕೇಳಿಸಿಕೊಳ್ಳದೆ ಮೂರು ಸಲ ಸೋತಳು. ನಾಲ್ಕನೇ ಸಲ ಬಸ್ ನಿಂತಿತು. ಸೈಕಲ್ ನೀರಿನಲ್ಲಿ ಹಾಯ್ದು ಹೋಗುವುದನ್ನು ಹನ್ನೆರಡು ಜನ ಮುಖ ತಿರುಗಿಸುತ್ತಾ ಕೇಳಿದರು.

"ಅವಳು ಹೋದ್ಲಾ?" ಎಂದು ಆಕೆ ಕೇಳಿದಳು.

"ಹೋದ್ಲು," ಎಂದ ಅಣ್ಣ. "ಈಗ ತೆಗೀರಿ."

ಕೋಲಿನ ಮೇಷ್ಟ್ರು ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಅಣ್ಣ ಸುಮ್ಮನಿದ್ದ. ನಾನು ಹೇಳಲಿ ಎಂದು ಕಾಯುತ್ತಿದ್ದ ಅಂತ ಗೊತ್ತಾಯಿತು.

"ನಾನು ಮಾಡಿದ್ದು," ಎಂದೆ. "ಅಣ್ಣನೂ ನಾನೂ ಸೇರಿ."

ಕಂಪ್ಯೂಟರನ್ನು ಅಲ್ಲೇ ಬಿಟ್ಟು ಬಂದೆ. ಅವರಿಗೆ ಬೇಕಂತೆ. ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತೆ. ಒಂದು ಗಂಟೆ ಹತ್ತು ನಿಮಿಷದ ದಾರಿ. ಇಟ್ಟಿಗೆ ಭಟ್ಟಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಸೇತುವೆಯ ಕೆಳಗೆ ಒಬ್ಬರು ಲಾರಿಯ ಗಾಜು ತೊಳೆಯುತ್ತಿದ್ದರು. ಸಂತೆ ಮುಗಿದ ಬಯಲಿನಲ್ಲಿ ಒಂದು ಹಸಿರು ಕೊಡೆ ತೆರೆದೇ ಬಿದ್ದಿತ್ತು, ಗಾಳಿ ಅದನ್ನು ಒಂದು ಸುತ್ತು ತಿರುಗಿಸಿ ಸುಮ್ಮನಾಯಿತು. ಊರು ಹತ್ತಿರವಾದಂತೆ ಒಂದೊಂದೇ ಮನೆಯ ದೀಪ ಹತ್ತಿತು, ಯಾವುದೂ ದೂರ ಸರಿಯಲಿಲ್ಲ. ಇಷ್ಟೆಲ್ಲ ಯಾಕೆ ನೋಡಿಟ್ಟುಕೊಂಡೆನೋ.

ಫೋನ್ ಬಡಿದುಕೊಳ್ಳುತ್ತಿದೆ, ಅಣ್ಣನೇ. ತಲುಪಿದೆಯಾ ಎಂದು ಕೇಳುವುದಿಲ್ಲ ಅವನು, ಡ್ರೈವರಲ್ಲವೇ. ದಾರಿ ಹೇಗಿತ್ತು ಎಂದು ಕೇಳುತ್ತಾನೆ. ಹೇಳುವುದು ತುಂಬ ಇದೆ.